ಸಾಲಿ ಗೋಡೆಯ ಆಚೆ ಹೋದ ರೊಟ್ಟಿ

ನಾನು ನಿಂತಿದ್ದು ನಮ್ಮ ಮನೆಯ ಮಾಳಿಗೆಯ ಮೇಲೆ, ಶಾಲೆಯ ಕಡೆಗಿನ ಮೂಲೆಯಲ್ಲಿ. ಮತದಾನದ ಹಿಂದಿನ ದಿನ. ಮಸೀದಿಯಲ್ಲಿ ಮಧ್ಯಾಹ್ನದ ನಮಾಜು ಮುಗಿಸಿ ಜನ ಮನೆಗೆ ಹೋಗಿ ಆಗಿತ್ತು, ಅಪ್ಪ ಹೊಲದಿಂದ ಇನ್ನೂ ಬಂದಿರಲಿಲ್ಲ. ಆದ್ದರಿಂದ ಎರಡು ಗಂಟೆಯ ಮೇಲೆ, ಮೂರರ ಒಳಗೆ ಎಂದು ಹೇಳಬಲ್ಲೆ. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಇದ್ದುದರಿಂದ ನಾನು ಅಲ್ಲಿಗೆ ಹತ್ತಬಾರದೆಂದು ಕಟ್ಟಪ್ಪಣೆಯಿತ್ತು. ಹತ್ತಿದ್ದೆ. ಅಲ್ಲಿಂದ ಶಾಲೆಯ ಅಂಗಳ ಪೂರ್ತಿ ಕಾಣುತ್ತಿತ್ತು, ನಮ್ಮ ಹಿತ್ತಲಿಗೂ ಶಾಲೆಗೂ ನಡುವೆ ಇದ್ದ ದಿಡ್ಡಿ ಬಾಗಿಲು ನನ್ನ ಕಾಲ ಕೆಳಗೇ ಇತ್ತು, ಅಲ್ಲಿ ಆಡಿದ ಮಾತು ಒಂದೂ ಬಿಡದೆ ಕೇಳುತ್ತಿತ್ತು. ಇದನ್ನೆಲ್ಲ ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಅಂದು ಕಂಡದ್ದನ್ನು ಹೇಳಬೇಕಾದ ದಿನ ನಾನು ಹೇಳಲಿಲ್ಲ. ಆಗ ನನಗೆ ಒಂಬತ್ತು ವರ್ಷ. ಒಬ್ಬ ಮಾಸ್ತರರ ನೌಕರಿ ಆ ಮಾತಿನ ಮೇಲೆ ನಿಂತಿತ್ತು.

ನಮ್ಮ ಊರು ಸುರಪುರ ತಾಲೂಕಿನಲ್ಲಿ, ಬೋನಾಳ ಕೆರೆಗೆ ನಡೆದು ಹೋಗುವಷ್ಟು ದೂರ. ಮನೆಯ ಮುಂದಿನ ಕೋಣೆ ಅಪ್ಪನ ತಮ್ಮ ಬಸಣ್ಣ ಕಾಕಾನ ಕಿರಾಣಿ ಅಂಗಡಿ. ಅದರ ಹಿಂದೆ ಪಡಸಾಲೆ, ಪಡಸಾಲೆಯ ಬಲಕ್ಕೆ ಜೋಳದ ಚೀಲ ಒಟ್ಟುವ ಕತ್ತಲ ಕೋಣೆ, ಕೊನೆಗೆ ಅಡುಗೆಮನೆ. ಅಡುಗೆಮನೆ ಹೆಸರಿಗೆ ಅವ್ವನದಾದರೂ ಒಲೆ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಅವಳು ರೊಟ್ಟಿ ಬಡಿಯುವ ಸಪ್ಪಳದಿಂದ ಶಾಲೆಯ ಮಕ್ಕಳಿಗೆ ಊಟದ ಹೊತ್ತು ತಿಳಿಯುತ್ತಿತ್ತು, ಗೋಡೆ ಒಂದೇ. ಚುನಾವಣೆ ಯಾವುದೇ ಇರಲಿ, ದಿಲ್ಲಿಯದಿರಲಿ ಊರಿನದಿರಲಿ, ಮತಪೆಟ್ಟಿಗೆ ಬಂದಿಳಿಯುತ್ತಿದ್ದುದು ಆ ಶಾಲೆಗೆ. ಪೆಟ್ಟಿಗೆಯ ಜೊತೆ ನಾಲ್ಕು ಜನ ನೌಕರರು. ಊರಲ್ಲಿ ಖಾನಾವಳಿ ಇರಲಿಲ್ಲ. ಅವರು ಬಂದ ದಿನ ಮತ್ತು ಮಾರನೆಯ ದಿನ ರೊಟ್ಟಿ ಪಲ್ಯ ನಮ್ಮ ಮನೆಯಿಂದ ದಿಡ್ಡಿ ಬಾಗಿಲು ದಾಟಿ ಹೋಗುತ್ತಿತ್ತು. ಮುತ್ಯಾ, ಅಂದರೆ ಆಯಿಯ ಗಂಡ, ಬದುಕಿದ್ದಾಗಿಂದ ನಡೆದದ್ದು. ಇದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಯಾರೂ ಹೊಗಳಿರಲಿಲ್ಲ. ಚಾ ಮಾತ್ರ ನಮ್ಮದಲ್ಲ. ಚಾ ಎದುರು ಮನೆಯದು.

ಎದುರು ಮನೆ ಟೇಲರ್ ಮಹಬೂಬ ಕಾಕಾನದು. ಅವನ ಹೆಂಡತಿ ಬೀಬಮ್ಮನನ್ನು ನಾವು ಮಕ್ಕಳು ಖಾಲಾ ಎನ್ನುತ್ತಿದ್ದೆವು. ಆಯಿಯ ರೊಟ್ಟಿ, ಬೀಬಮ್ಮನ ಚಾ, ಇವೆರಡೂ ಯಾವಾಗಲೂ ಜೊತೆಯಾಗಿಯೇ ಶಾಲೆಗೆ ಹೋಗುತ್ತಿದ್ದವು. ನಮ್ಮ ಮನೆಯ ಅಂಗಿ, ಲಂಗ, ದಿಂಬಿನ ಚೀಲ ಎಲ್ಲ ಹೊಲಿದವನು ಮಹಬೂಬ ಕಾಕಾ. ಅವರ ಮನೆಯ ಸಕ್ಕರೆ, ಎಣ್ಣೆ ನಮ್ಮ ಅಂಗಡಿಯದು. ಆ ಸಲ ಗ್ರಾಮ ಪಂಚಾಯ್ತಿ ಚುನಾವಣೆಗೆ ಬಸಣ್ಣ ಕಾಕಾ, ಮಹಬೂಬ ಕಾಕಾ ಇಬ್ಬರೂ ಎದುರುಬದುರು ನಿಂತರು. ಯಾಕೆ ನಿಂತರು ಎಂದು ಈಗ ಕೇಳಿದರೆ ನನಗೆ ನೆಟ್ಟಗೆ ಹೇಳಲು ಬರುವುದಿಲ್ಲ. ಇಬ್ಬರಿಗೂ ಹಿಂದೆ ಹತ್ತು ಜನ ಸೇರಿ ನಿಲ್ಲು ನಿಲ್ಲು ಎಂದಿದ್ದರು. ಆ ಹತ್ತು ಜನ ಬೇರೆ ಬೇರೆಯವರು.

ಚುನಾವಣೆಯ ಗುರುತು ಕೊಟ್ಟ ದಿನ ಬಸಣ್ಣ ಕಾಕಾ ಸುರಪುರದಿಂದ ಮುಖ ಸಣ್ಣದು ಮಾಡಿಕೊಂಡು ಬಂದ. ಅವನಿಗೆ ಹೊಲಿಗೆ ಯಂತ್ರ ಬಂದಿತ್ತು. ಟೇಲರ್ ಮಹಬೂಬ ಕಾಕಾನಿಗೆ ತಕ್ಕಡಿ. ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ಆಯಿ ಕೇಳಿದಳು:

“ಟೇಲರಗ ತಕ್ಕಡಿ, ಅಂಗಡ್ಯಾವಗ ಹೊಲಿಗಿ ಮಷಿನ್ನು! ಕೊಟ್ಟಾವ ನಿದ್ದಿಗಣ್ಣಾಗ ಕೊಟ್ಟಾನೇನೋ?”

“ಕಚೇರ್ಯಾಗ ಕೊಟ್ಟದ್ದು ಯವ್ವಾ, ನಾ ಏನ ಮಾಡ್ಲಿ.”

“ಮಾಡೋದೇನೈತಿ,” ಎಂದ ಅಪ್ಪ, ತುತ್ತಿನಿಂದ ಕಣ್ಣೆತ್ತದೆ. “ನಾಳಿಯಿಂದ ನೀ ಅಂಗಿ ಹೊಲಿ, ಅವ ಸಕ್ರಿ ತೂಗಲಿ.”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಓಣಿಯ ಆಚೆಯಿಂದ ಮಹಬೂಬ ಕಾಕಾನೂ ಕೂಗಿದ: “ಬಸಣ್ಣಾ, ನನ್ನ ಮಷಿನ್ ನನಗ ಕೊಡಪಾ, ನಿನ್ನ ತಕ್ಕಡಿ ನೀ ಒಯ್ಯಿ!” ಇಬ್ಬರೂ ಪ್ರಚಾರಕ್ಕೆ ಹೊರಟಾಗ ಇದೇ ದೊಡ್ಡ ಫಜೀತಿಯಾಯಿತು. ಕಾಕಾ ಮನೆ ಮನೆಗೆ ಹೋಗಿ ಹೊಲಿಗೆ ಯಂತ್ರಕ್ಕೆ ಸಿಕ್ಕಾ ಹೊಡೆಯಿರಿ ಎಂದರೆ ಮುದುಕಿಯರು, ಹೌದಪಾ, ಮಹಬೂಬಗೇ ಹಾಕ್ತೀವಿ ಬಿಡು, ಎನ್ನುತ್ತಿದ್ದರು. ಓದು ಬಾರದ ಹೆಂಗಸರಿಗೆ ಮತಪತ್ರದ ಮೇಲೆ ಕಾಣುವುದು ಚಿತ್ರ ಮಾತ್ರ. ಹೊಲಿಗೆ ಯಂತ್ರ ಕಂಡರೆ ಅವರಿಗೆ ನೆನಪಾಗುವುದು ತಮ್ಮ ಕುಪ್ಪಸ ಹೊಲಿದವನೇ ಹೊರತು ಬೆಲ್ಲ ಮಾರುವವನಲ್ಲ. ಮತದಾನದ ದಿನದವರೆಗೆ ಇದು ಎರಡೂ ಮನೆಗೆ ನಗುವ ಮಾತಾಗಿತ್ತು.

ಹಿಂದಿನ ದಿನ ಮಧ್ಯಾಹ್ನ ಜೀಪಿನಲ್ಲಿ ಪೆಟ್ಟಿಗೆ ಬಂತು. ಜೊತೆಗೆ ಬಂದವರು ರಾಚಪ್ಪ ಮಾಸ್ತರರು ಎಂಬವರು, ಮತಗಟ್ಟೆಗೆ ಅವರೇ ಮುಖ್ಯರು, ಇಬ್ಬರು ಗುಮಾಸ್ತರು, ಒಬ್ಬ ಮುದುಕ ಸಿಪಾಯಿ. ಬೆಳಿಗ್ಗೆ ಆರಕ್ಕೆ ಸುರಪುರದಲ್ಲಿ ಸಾಮಾನು ತೆಗೆದುಕೊಳ್ಳಲು ಸಾಲು ನಿಂತವರು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಊರಿನ ಒಂದೇ ಚಾದ ಅಂಗಡಿಯವನು ಯಾರದೋ ಪ್ರಚಾರಕ್ಕೆ ಹೋಗಿ ಬಾಗಿಲು ಹಾಕಿದ್ದ. ಆಯಿ ಎಂದಿನಂತೆ ಮುತ್ಯಾ ಮಲ್ಲೇಶಪ್ಪನ ಹೆಸರು ಕೊರೆಸಿದ್ದ ಸ್ಟೀಲಿನ ಡಬ್ಬಿಯಲ್ಲಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇಟ್ಟುಕೊಂಡು ದಿಡ್ಡಿ ಬಾಗಿಲಿಗೆ ಬಂದಳು. ಅವಳ ಹಿಂದೆ ನೀರಿನ ತಂಬಿಗೆ ಹಿಡಿದು ಅಕ್ಕ ನೀಲವ್ವ. ಅವಳ ಹಿಂದೆ ಚಾದ ಕಿಟ್ಲಿ ಹಿಡಿದು ಬೀಬಮ್ಮ. ಮಾಸ್ತರರು ಎದ್ದು ಬಂದು ಬಾಗಿಲಿನ ಆಚೆ ನಿಂತರು. ಕೈ ಮುಗಿದರು.

“ಬ್ಯಾಡ್ರಿ ಅವ್ವಾ. ನಿಮ್ಮ ಮಗ ನಿಂತಾರ. ನಿಮ್ಮ ಮನಿದು ಉಂಡ್ರ ನನ್ನ ನೌಕರಿಗೆ ಬರ್ತದ.”

“ನಿಂತಾವ ಅವ. ನಾ ಎಲ್ಲಿ ನಿಂತೀನಿ? ನಾ ರೊಟ್ಟಿ ಬಡ್ಯಾಕಿ.”

“ಕಾಯ್ದೆ ಐತ್ರಿ.”

“ಕಾಯ್ದೆ ಮಾಡಿದಾವ ಉಂಡು ಕುಂತು ಮಾಡಿರಬೇಕು.”

ಮಾಸ್ತರರು ನಕ್ಕರು, ಆದರೆ ಡಬ್ಬಿ ಮುಟ್ಟಲಿಲ್ಲ. ಆಯಿ ಮತ್ತೆ ಮುಂದೆ ಚಾಚಿದಳು. ಅವರು ಮತ್ತೆ ಬೇಡವೆಂದರು. ಬೀಬಮ್ಮನ ಚಾವನ್ನೂ ಬೇಡವೆಂದರು, ಅವಳ ಗಂಡನೂ ನಿಂತಿದ್ದಾನಲ್ಲ. ಮೂರು ಸಲ ಬೇಡವೆಂದದ್ದನ್ನು ನಾನು ಕೇಳಿದೆ. ಮೂರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆಮೇಲೆ ಶಾಲೆಯ ಕಟ್ಟೆಯ ಮೇಲೆ ಕೂತಿದ್ದ ಮುದುಕ ಸಿಪಾಯಿ ಪಕ್ಕಕ್ಕೆ ವಾಲಿದ. ಮೈಯೆಲ್ಲ ಬೆವರು. ಬೀಬಮ್ಮ ಕಿಟ್ಲಿ ಕೆಳಗಿಟ್ಟು ಹೇಳಿದಳು:

“ಮಾಸ್ತರ, ಆ ಅಜ್ಜನ ಕೈ ನೋಡ್ರಿ, ಹೆಂಗ ನಡಗಾಕತ್ತಾವ. ಸಕ್ರಿ ಬ್ಯಾನಿ ಇರಬೇಕು. ಹೊಟ್ಟಿ ಖಾಲಿ ಇದ್ದಾಗ ನಮ್ಮ ಅಬ್ಬಾಗೂ ಹಿಂಗೇ ಆಗತಿತ್ತು, ಸಿಹಿ ಚಾ ಕುಡಿಸತಿದ್ವಿ.”

ಮಾಸ್ತರರು ಹಿಂದಿರುಗಿ ನೋಡಿದರು. ಸ್ವಲ್ಪ ಹೊತ್ತು ಅವರ ಬೆನ್ನಷ್ಟೇ ನನಗೆ ಕಂಡಿತು. ಮತ್ತೆ ಇತ್ತ ತಿರುಗಿ ಡಬ್ಬಿ ತೆಗೆದುಕೊಂಡರು. “ಇದು ನಾ ಕೇಳಿ ತರಿಸಿದ್ದಲ್ಲ. ಅಷ್ಟು ನೆನಪಿಡ್ರಿ,” ಎಂದರು. “ನಾವೆಲ್ಲಾ ಇಲ್ಲೇ ನಿಂತೀವಲ್ರಿ,” ಎಂದಳು ಬೀಬಮ್ಮ. ಅವರು ಮೊದಲು ಮುದುಕನಿಗೆ ಸಕ್ಕರೆ ಹೆಚ್ಚಾದ ಚಾ ಕುಡಿಸಿದರು, ರೊಟ್ಟಿ ಮುರಿದು ಅವನ ಕೈಗೆ ಕೊಟ್ಟರು. ಆಮೇಲೆ ಗುಮಾಸ್ತರು ಉಂಡರು. ಮಾಸ್ತರರು ಕೊನೆಗೆ, ನಿಂತುಕೊಂಡೇ, ಅರ್ಧ ರೊಟ್ಟಿ ತಿಂದರು.

ಮತದಾನ ಯಾವ ಗಲಾಟೆಯೂ ಇಲ್ಲದೆ ಮುಗಿಯಿತು. ಎಣಿಕೆಯಲ್ಲಿ ಕಾಕಾ ನಾಲ್ಕು ಓಟಿನಿಂದ ಗೆದ್ದ. ನಾಲ್ಕು ಎಂದು ತಿಳಿದ ಕೂಡಲೇ ಮಹಬೂಬ ಕಾಕಾನ ಕಡೆಯವರಿಗೆ ಆ ಮುದುಕಿಯರೆಲ್ಲ ನೆನಪಾದರು. ಟೇಲರನಿಗೆಂದು ಹೊಲಿಗೆ ಯಂತ್ರಕ್ಕೆ ಹಾಕಿದವರು ನಾಲ್ಕಕ್ಕಿಂತ ಹೆಚ್ಚಿದ್ದರು ಎಂಬುದು ಇಡೀ ಓಣಿಗೆ ಗೊತ್ತು. ಕಾಕಾನಿಗೂ ಗೊತ್ತು. ಆದರೆ ಚಿತ್ರ ನೋಡಿ ಮೋಸ ಹೋದೆವು ಎಂದು ಯಾವ ಕಚೇರಿಗೆ ಅರ್ಜಿ ಕೊಡುವುದು? ಕೊಡಲು ಬೇರೆ ಏನಾದರೂ ಬೇಕಿತ್ತು. ಮತಗಟ್ಟೆಯಲ್ಲಿ ಮಹಬೂಬ ಕಾಕಾನ ಪರವಾಗಿ ಕೂತಿದ್ದ ಏಜೆಂಟನಿಗೆ ಮೂಲೆಯಲ್ಲಿ ಕಂಡ ಡಬ್ಬಿ ನೆನಪಾಯಿತು. ಹೆಸರು ಕೊರೆದದ್ದನ್ನೂ ಓದಿದ್ದ. ಮಾಸ್ತರರು ಅಭ್ಯರ್ಥಿಯ ಮನೆಯ ಊಟ ಉಂಡು ಅವನ ಪರವಾಗಿ ಕೆಲಸ ಮಾಡಿದ್ದಾರೆ ಎಂದು ಅರ್ಜಿ ಹೋಯಿತು. ವಿಚಾರಣೆಗೆ ಸುರಪುರದಿಂದ ಸಾಹೇಬರು ಬರುತ್ತಾರೆ, ಮಾಸ್ತರರನ್ನೂ ಕರೆಸುತ್ತಾರೆ ಎಂದು ತಳವಾರ ಡಂಗುರ ಸಾರಿದ.

ಅಂದು ಊಟದ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ನಡೆದ ಜಗಳ ನನಗೆ ಮಾತು ಮಾತಾಗಿ ನೆನಪಿದೆ. ಆ ಮನೆಯಲ್ಲಿ ದನಿ ಏರಿಸಿ ಜಗಳವಾಡುವ ರೂಢಿ ಇರಲಿಲ್ಲ. ಎಲ್ಲರ ತಾಟಿನಲ್ಲೂ ಅನ್ನ ಆರುತ್ತಿತ್ತು.

“ಡಬ್ಬಿ ಮ್ಯಾಲ ಅಪ್ಪನ ಹೆಸರೈತಿ,” ಎಂದ ಕಾಕಾ. “ಕೊಟ್ಟಿಲ್ಲ ಅನ್ನಾಕ ಬರಂಗಿಲ್ಲ. ಮಾಸ್ತರನೇ ಕೇಳಿ ತರಿಸಿಕೊಂಡ ಅಂದ್ರ ಮುಗೀತು.”

“ಯಾವಾಗ ಕೇಳಿದ ಅವ?” ಆಯಿ ಅಂದಳು. “ಕೈಕಾಲ ಬಿದ್ದು ಕೊಟ್ಟಾಕಿ ನಾ.”

“ನೀ ಕೊಟ್ಟಿ ಅಂದ್ರ ನಾ ಕೊಡಿಸಿದಂಗ ಯವ್ವಾ. ಗೆದ್ದದ್ದು ಹೋಗ್ತದ.”

“ಅವನ ನೌಕರಿ ಹೋಗ್ತದಲ್ಲೋ.”

“ಸರಕಾರಿ ನೌಕರಿ ಹಂಗ ಹೋಗಂಗಿಲ್ಲ. ನಾಕ ದಿನ ಮನ್ಯಾಗ ಕುಂದರಸ್ತಾರ, ತಿರುಗಿ ಕರೀತಾರ.”

ಒಲೆಯ ಕಡೆಯಿಂದ ಅವ್ವ ಕೇಳಿದಳು, “ಒಬ್ಬರ ಅನ್ನಕ್ಕ ಮಣ್ಣ ಹಾಕಿ ಆ ಪಂಚಾಯ್ತ್ಯಾಗ ಹೆಂಗ ಕುಂದರತೀಯೋ ಬಸಣ್ಣ?”

“ವೈನಿ, ನಿಮಗ ರಾಜಕೀಯ ತಿಳ್ಯಾಂಗಿಲ್ಲ.”

“ರೊಟ್ಟಿ ತಿಳೀತದ,” ಎಂದಳು ಅವ್ವ.

ಅಪ್ಪ ಕೈ ತೊಳೆದು ಎದ್ದು ಹೋದ. ಅಣ್ಣನಾಗಿ ಒಂದು ಮಾತು ಹೇಳುತ್ತಾನೆಂದು ನಾವೆಲ್ಲ ಕಾದದ್ದು ಅವನಿಗೂ ತಿಳಿದಿರಬೇಕು. ಕಾಕಾ ಕೆಟ್ಟವನಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ಬೋನಾಳದ ಹಕ್ಕಿ ತೋರಿಸಿದವನು ಅವನೇ. ಅಂಗಡಿಯಲ್ಲಿ ತೂಗುವಾಗ ನನ್ನ ಕೈಗೆ ಒಂದು ಪೆಪ್ಪರಮೆಂಟು ಹಾಕದೆ ಕಳಿಸಿದವನಲ್ಲ. ಜೀವನದಲ್ಲಿ ಮೊದಲ ಸಲ ಊರು ಅವನ ಕೊರಳಿಗೆ ಹಾರ ಹಾಕಿತ್ತು, ಅದನ್ನು ತೆಗೆಯಲು ಅವನಿಗೆ ಮನಸ್ಸು ಬರಲಿಲ್ಲ. ವಿಚಾರಣೆಯ ಹಿಂದಿನ ದಿನ ಬೆಳಿಗ್ಗೆ ಗೋಗಿಯಿಂದ ಸುದ್ದಿ ಬಂದಿದೆ, ಅತ್ತಿ ಜ್ವರ ಬಂದು ಮಲಗಿದ್ದಾಳೆ, ಎಂದು ಹೇಳಿ ಆಯಿಯನ್ನು ಬಸ್ಸು ಹತ್ತಿಸಿದ. ಅತ್ತಿ ಎಂದರೆ ಆಯಿಯ ಮಗಳು. ಜೊತೆಗೆ ಅಕ್ಕನನ್ನೂ ಕಳಿಸಿದ. ದಿಡ್ಡಿ ಬಾಗಿಲಲ್ಲಿ ನಿಂತವರಲ್ಲಿ ನಮ್ಮ ಮನೆಯವರು ಅವರಿಬ್ಬರೇ ಎಂದು ಅವನು ತಿಳಿದಿದ್ದ. ಮಾಳಿಗೆಯ ಮೇಲೆ ನಾನಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ.

ವಿಚಾರಣೆ ಶಾಲೆಯ ಅಂಗಳದಲ್ಲಿ ನಡೆಯಿತು. ಸಾಹೇಬರು ಒಂದು ಮೇಜಿನ ಹಿಂದೆ, ಪಕ್ಕದಲ್ಲಿ ಬರೆದುಕೊಳ್ಳುವವರು. ಗಂಡಸರು ಅಂಗಳದಲ್ಲಿ, ಹೆಂಗಸರು ದಿಡ್ಡಿ ಬಾಗಿಲ ಬಳಿ. ಕಾಕಾ ನನ್ನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡಿದ್ದ, ಕೈ ನನ್ನ ಹೆಗಲ ಮೇಲಿತ್ತು. ಅದು ಹೆದರಿಸುವ ಕೈಯಲ್ಲ, ಅವನು ಯಾವಾಗಲೂ ಹಾಗೆಯೇ ಕೂರುತ್ತಿದ್ದ. ಮಾಸ್ತರರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಪೆನ್ನು. ಕಾಕಾ ಎದ್ದು, ಊಟ ಮಾಸ್ತರರೇ ಹೇಳಿಕಳಿಸಿ ತರಿಸಿಕೊಂಡರು, ತಾನು ಆ ಹೊತ್ತಿಗೆ ಮನೆಯಲ್ಲಿರಲಿಲ್ಲ, ತಾಯಿಗೆ ಕಿವಿ ಮಂದ, ಊರಲ್ಲೂ ಇಲ್ಲ, ಎಂದ. ಆಯಿಯ ಕಿವಿ ಎಷ್ಟು ಚುರುಕೆಂದರೆ ಕತ್ತಲ ಕೋಣೆಯಲ್ಲಿ ಬೆಲ್ಲದ ಮುಚ್ಚಳ ತೆಗೆದರೆ ಒಲೆಯ ಮುಂದಿನಿಂದ ನನ್ನ ಹೆಸರು ಕರೆಯುತ್ತಿದ್ದಳು. ನಾನು ಕಾಕಾನ ಮುಖ ನೋಡಿದೆ. ಅವನು ಮೇಜನ್ನೇ ನೋಡುತ್ತಿದ್ದ.

“ನಾ ಬ್ಯಾಡ ಅಂದಿದ್ದೆ ಸಾಹೇಬ್ರ,” ಎಂದರು ಮಾಸ್ತರರು. “ನಮ್ಮ ಸಿಪಾಯಿಗೆ ತ್ರಾಸ ಆತು, ಅದಕ್ಕ ತಗೊಂಡೆ.”

“ನಿಮ್ಮ ತಂಡದವರನ್ನ ಬಿಟ್ಟು ಬ್ಯಾರೇ ಯಾರರೆ ನೋಡ್ಯಾರೇನು?”

ಮಾಸ್ತರರು ಸುತ್ತ ನೋಡಿದರು. ಆಮೇಲೆ ದಿಡ್ಡಿ ಬಾಗಿಲ ಬಳಿಯಿಂದ ಬೀಬಮ್ಮನ ದನಿ ಬಂತು.

“ನಾ ನೋಡೀನ್ರಿ.”

“ಚುಪ್ ಬೈಠ್!” ಎಂದು ಮಹಬೂಬ ಕಾಕಾ ಎದ್ದು ನಿಂತ.

“ನಾ ಯಾಕ ಚುಪ್ ಕುಂದರಲಿ? ರೊಟ್ಟಿ ಅವರದು, ಚಾ ನಮ್ದು. ಎರಡೂ ಬ್ಯಾಡ ಅಂದ್ರು ಮಾಸ್ತರ. ಒಮ್ಮಿ ಅಲ್ಲ, ಮೂರು ಸಲ. ಆ ಅಜ್ಜ ಬೀಳಾಕತ್ತಿದ್ದ. ಬೀಳಲಿ ಅಂತ ಬಿಡಬೇಕಿತ್ತೇನ್ರಿ?”

ಅಂಗಳದಲ್ಲಿ ಒಬ್ಬಿಬ್ಬರು ನಕ್ಕರು, ಗಂಡ ಅರ್ಜಿ ಕೊಟ್ಟರೆ ಹೆಂಡತಿ ಚಾ ಕೊಟ್ಟಾಳ, ಎಂದು ಯಾರೋ ಅಂದರು. ಸಾಹೇಬರು ನಗಲಿಲ್ಲ. ಪೆನ್ನು ಕೆಳಗಿಟ್ಟು, “ತಾಯಿ, ನಿಮ್ಮ ಮನಿಯವರೇ ದೂರು ಕೊಟ್ಟವರ ಕಡೆ. ನಿಮ್ಮ ಚಾನೂ ಹೋಗೇತಿ. ನಿಮ್ಮ ಒಬ್ಬರ ಮಾತಿನ ಮ್ಯಾಲ ನಾ ಹೆಂಗ ಬರೀಲಿ? ಇನ್ನೊಬ್ಬರು ಯಾರರೆ ಅದಾರೇನು?” ಎಂದರು. ಆ ಪ್ರಶ್ನೆಯನ್ನು ಅವರು ಎರಡು ಸಲ ಕೇಳಿದರು. ಎರಡರ ನಡುವೆ ಎಷ್ಟು ಹೊತ್ತಾಯಿತು ಎಂದು ನಾನು ಹೇಳಲಾರೆ, ಉಳಿದೆಲ್ಲವನ್ನೂ ಹೇಳಬಲ್ಲೆ. ಕಾಕಾನ ಕೈ ನನ್ನ ಹೆಗಲ ಮೇಲೆ ಹಗುರವಾಗಿತ್ತು. ಒಂದು ಮಾತು ಆಡಿದರೆ ಆ ಕೈಯವನು ಇಡೀ ಊರಿನ ಮುಂದೆ ಸುಳ್ಳುಗಾರನಾಗುತ್ತಿದ್ದ. ಆಡಲಿಲ್ಲ. ಸಾಹೇಬರು ಬರೆದುಕೊಂಡು ಎದ್ದರು.

ಮಾಸ್ತರರನ್ನು ಅಮಾನತು ಮಾಡಿದರು. ನಾಲ್ಕು ದಿನವಲ್ಲ, ಹತ್ತಿರ ಹತ್ತಿರ ಒಂದು ವರ್ಷ. ಆಮೇಲೆ ಕರೆದರು, ಆದರೆ ದೂರದ ಊರಿಗೆ. ಇನ್ನೊಂದು ಸಾಕ್ಷಿ ಇದ್ದಿದ್ದರೆ ಎಚ್ಚರಿಕೆಯ ಒಂದು ಕಾಗದದಲ್ಲಿ ಮುಗಿಯುತ್ತಿತ್ತು ಎಂದು ನಮ್ಮ ಶಾಲೆಯ ಹೆಡ್‌ಮಾಸ್ತರರು ಅಪ್ಪನ ಮುಂದೆ ಹೇಳಿದಾಗ ನಾನು ಅಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದೆ. ಕಾಕಾನ ಗೆಲುವಿಗೆ ಏನೂ ಆಗಲಿಲ್ಲ. ಅವನು ಓಣಿಗೆ ನಳ ತಂದ, ಮೊದಲ ನಳವನ್ನು ಮಹಬೂಬ ಕಾಕಾನ ಮನೆಯ ಮುಂದೆ ಹಾಕಿಸಿದ. ಅದು ಒಳ್ಳೆಯ ಕೆಲಸ, ಈಗಲೂ ನೀರು ಬರುತ್ತದೆ.

ಆಯಿ ಗೋಗಿಯಲ್ಲಿ ಬಸ್ಸಿಳಿದು ನೋಡಿದರೆ ಅತ್ತಿ ಅಂಗಳದಲ್ಲಿ ಕೂತು ಶಾವಿಗೆ ಹೊಸೆಯುತ್ತಿದ್ದಳಂತೆ. ಆಯಿಗೆ ಅಲ್ಲೇ ಎಲ್ಲ ತಿಳಿಯಿತು, ಆದರೆ ಮರುದಿನ ಸಂಜೆಯವರೆಗೆ ಮರಳುವ ಬಸ್ಸು ಇರಲಿಲ್ಲ. ಮನೆಗೆ ಬಂದವಳು ಬೈಯಲಿಲ್ಲ. ಕಾಕಾ ಕಾಲಿಗೆ ನೀರು ತಂದುಕೊಟ್ಟ. ಅವಳು ಕೇಳಿದ್ದು ಒಂದೇ:

“ಮಾಸ್ತರನ ಮಾರಿ ಹೆಂಗಿತ್ತೋ?”

ಕಾಕಾ ತಂಬಿಗೆ ಹಿಡಿದು ನಿಂತೇ ಇದ್ದ. ಮುಂದಿನ ಚುನಾವಣೆಗೆ ಮತ್ತೆ ಜೀಪು ಬಂದಾಗ ಆಯಿ ಒಲೆ ಹಚ್ಚಲಿಲ್ಲ. ರೊಟ್ಟಿ ಕೊಡುವ ಹಾಗಿಲ್ಲ, ಗೋಡೆಯ ಆಚೆಯವರು ಹಸಿದಿರುವಾಗ ಇಲ್ಲಿ ರೊಟ್ಟಿ ಬಡಿದು ಅವರಿಗೆ ಸಪ್ಪಳ ಕೇಳಿಸುವ ಹಾಗೂ ಇಲ್ಲ. ಪೆಟ್ಟಿಗೆ ಊರು ಬಿಡುವವರೆಗೆ ಚುರಮುರಿ, ಮೊಸರು, ಬಾಳೆಹಣ್ಣು. ಆಯಿಯ ನಂತರ ಅವ್ವ ಹಾಗೆಯೇ ನಡೆಸಿದಳು. ಈಗ ಮತಗಟ್ಟೆಯವರಿಗೆ ಶಾಲೆಯ ಬಿಸಿಯೂಟದವರೇ ಅಡುಗೆ ಮಾಡುತ್ತಾರೆ, ಪೆಟ್ಟಿಗೆಯ ಬದಲು ಯಂತ್ರ ಬಂದಿದೆ, ನಮ್ಮ ಮನೆಯಲ್ಲಿ ಒಲೆಯ ಬದಲು ಗ್ಯಾಸು ಇದೆ. ಆ ಎರಡು ದಿನ ಅದನ್ನು ಹಚ್ಚುವುದಿಲ್ಲ. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸತರಲ್ಲಿ ಇದು ಯಾವ ದೇವರ ವ್ರತ ಎಂದು ಕೇಳಿದ್ದಳು. ಅವ್ವ ಮಾತು ಬೇರೆ ಕಡೆ ತಿರುಗಿಸಿದಳು, ನಾನೂ ಸುಮ್ಮನಾದೆ.

ನಾನೀಗ ಯಾದಗಿರಿಯಲ್ಲಿದ್ದೇನೆ, ಮತ ಊರಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಹಿಂದಿನ ಚುನಾವಣೆಗೆ ಹೋದಾಗ ಓಟು ಹಾಕಿ ಎದುರು ಮನೆಗೆ ಹೋದೆ. ಬೀಬಮ್ಮ ಹೊರಸಿನ ಮೇಲೆ ಕೂತು ಬೆರಳಿನ ಶಾಯಿ ಒಣಗಿಸಿಕೊಳ್ಳುತ್ತಿದ್ದಳು. ಮಹಬೂಬ ಕಾಕಾ ತೀರಿಕೊಂಡು ಬಹಳ ದಿನವಾಯಿತು. ಅದೂ ಇದೂ ಮಾತಾಡಿ, ಆ ವಿಚಾರಣೆಯ ದಿನದ ಮಾತು ತೆಗೆದೆ. ಅವಳು ನಕ್ಕಳು. “ನಮ್ಮ ಮನಿಯವರು ಒಂದ ತಿಂಗಳ ನನ್ನ ಕೂಡ ಮಾತಾಡಲಿಲ್ಲಪಾ. ಮನಿ ಏನ್ ಶಾಂತ ಇತ್ತು!” ಎಂದಳು. ನಾನು ನಗಲಿಲ್ಲ. ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ. ಖಾಲಾ, ನಾನೂ ನೋಡಿದ್ದೆ, ಮಾಳಿಗೆಯ ಮೇಲಿದ್ದೆ, ಎಂದೆ.

“ಗೊತ್ತೈತಿ,” ಎಂದಳು.

ನಾನು ತಲೆಯೆತ್ತಿ ಅವಳ ಮುಖ ನೋಡಿದೆ.

“ಮುದುಕಗಂತ ಮಾಸ್ತರ ಕೈಗೆ ಚಾ ಕೊಟ್ಟು ಮ್ಯಾಲ ನೋಡಿದೆ, ನೀ ನಿಂತಿದ್ದಿ. ಅವತ್ತ ಆ ಸಾಹೇಬ ಇನ್ನೊಬ್ಬರು ಯಾರು ಅಂತ ಕೇಳಿದಾಗ ನಿನ್ನ ಹೆಸರ ನನ್ನ ನಾಲಗಿ ತುದಿಮ್ಯಾಲ ಇತ್ತು.”

“ಯಾಕ ಹೇಳಲಿಲ್ಲ ಖಾಲಾ?”

“ನೀನಾಗೇ ಎದ್ದಿದ್ರ ಬ್ಯಾರೇ ಮಾತು. ನಾ ಎಬ್ಬಿಸಿದ್ರ, ರಾತ್ರಿ ನೀ ಉಣ್ಣಬೇಕಾದದ್ದು ಬಸಣ್ಣನ ಮಗ್ಗಲಿಗೇ ಕುಂತು ಅಲ್ಲೇನು?”

ಅಂದು ದಿಡ್ಡಿ ಬಾಗಿಲಲ್ಲಿ ನಡೆದದ್ದನ್ನು ಕಂಡವರಲ್ಲಿ ಆಯಿ ಇಲ್ಲ, ಮುದುಕ ಸಿಪಾಯಿ ಇಲ್ಲ. ರಾಚಪ್ಪ ಮಾಸ್ತರರು ತೀರಿಕೊಂಡರೆಂದು ಶಹಾಪುರದ ಬಸ್‌ನಿಲ್ದಾಣದಲ್ಲಿ ಅವರ ಊರಿನವರೊಬ್ಬರು ಹೇಳಿದರು; ನಾನು ಅವರನ್ನು ಹುಡುಕಿ ಹೋಗಿರಲಿಲ್ಲ. ಆ ಇಬ್ಬರು ಗುಮಾಸ್ತರ ಹೆಸರು ನನಗೆ ತಿಳಿಯದು. ಅಕ್ಕ ನೀಲವ್ವ ಗೋಗಿಯಲ್ಲಿದ್ದಾಳೆ, ಕೇಳಿದರೆ ಹೇಳುತ್ತಾಳೆ. ಬೀಬಮ್ಮ ನಮ್ಮ ಎದುರು ಮನೆಯಲ್ಲಿದ್ದಾಳೆ, ಕೇಳದಿದ್ದರೂ ಹೇಳುತ್ತಾಳೆ. ಮೂರನೆಯವನು ನಾನು, ಮಲ್ಲೇಶಪ್ಪನ ಮೊಮ್ಮಗ ಶಿವಣ್ಣ. ಮಾಸ್ತರರು ಮೂರು ಸಲ ಬೇಡ ಎಂದರು.